ನಿಮಗಿದು ಗೊತ್ತೇ? ಧ್ರುವನಿಂದ ಕುಂಟೆತ್ತಿನವರೆಗೆ

ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ ‘ಸತಿ ಸುಲೋಚನ’, 1934ರ ಮಾರ್ಚ್ 3ರಂದು. ಆದರೆ ಅದಕ್ಕೂ ಮೊದಲೇ ಚಿತ್ರೀಕರಣಕ್ಕೆ ಇಳಿದಿದ್ದು ‘ಭಕ್ತ ಧ್ರುವ’. ಕ್ಯಾಮೆರಾದ ಮುಂದೆ ನಮ್ಮ ಭಾಷೆ ಬಾಯಿಬಿಟ್ಟದ್ದೇ ಒಬ್ಬ ಹುಡುಗನ ಹಟದ ಕಥೆ ಹೇಳಲಿಕ್ಕೆ! ಧ್ರುವನಾದವನು ಮಾಸ್ಟರ್ ಮುತ್ತು, ರಂಗಭೂಮಿಯ ಎ.ವಿ. ವರದಾಚಾರ್ಯರ ಮೊಮ್ಮಗ.

ತೆಲುಗಿನ ಮೊದಲ ವಾಕ್ಚಿತ್ರವೂ ಮಗುವಿನದೇ: 1932ರ ‘ಭಕ್ತ ಪ್ರಹ್ಲಾದ’. ಮೂಕಿ ಕಾಲಕ್ಕೆ ಹೋದರೆ, 1919ರ ‘ಕಾಳಿಯ ಮರ್ದನ’ದಲ್ಲಿ ಬಾಲಕೃಷ್ಣನಾಗಿ ಹಾವಿನ ಹೆಡೆ ತುಳಿದದ್ದು ದಾದಾಸಾಹೇಬ್ ಫಾಲ್ಕೆಯವರ ಮಗಳು ಮಂದಾಕಿನಿ.

ತೆರೆಯ ಮೇಲಿನ ಮಕ್ಕಳ ಮಾತು ಹಾಗಿರಲಿ, ನಮ್ಮ ಹುಬ್ಬಳ್ಳಿ ಸೀಮೆಯ ಸುಳ್ಳದಂಥ ಎರಿಹೊಲದ ಊರುಗಳಲ್ಲಿ ಪೂರಾ ಮಕ್ಕಳದೇ ಆದ ಹಬ್ಬವೊಂದಿದೆ. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾಸಿ. ಎರಿಮಣ್ಣು ನಾದಿ ಜೋಡೆತ್ತು ಮಾಡಬೇಕು, ಕಣ್ಣಿಗೆ ಗುಲಗಂಜಿ ಒತ್ತಬೇಕು, ಮುಂದೊಂದು ಮೇವಿನ ಗ್ವಾದಲಿ ಕಟ್ಟಬೇಕು. ಮಣ್ಣು ತುಸು ಹಸಿ ಇದ್ದರೆ ಕೋಡು ಬಾಗುತ್ತದೆ, ಒಣಗಿದರೆ ಕಾಲು ಬಿರಿಯುತ್ತದೆ. ಆ ಹದ ಬೆರಳಿಗಷ್ಟೇ ತಿಳಿಯುತ್ತದೆ. ಮರುದಿನ ಹುಡುಗರು ಎತ್ತು ಹಿಡಿದು ಮನೆಮನೆಗೆ ಹೋಗಿ, ಎಂಟೆತ್ತಿನಲ್ಲಿ ಒಂದು ಕುಂಟಾಗಿದೆ ಎಂದು ರಾಗ ಎಳೆದು ಜೋಳ ಬೇಡುತ್ತಾರೆ. ಆ ರಾಗದಲ್ಲಿರುವುದು ಪುಸ್ತಕದ ಕನ್ನಡವಲ್ಲ, ಅವ್ವನ ಬಾಯಿಯ ಕನ್ನಡ. ಇದನ್ನು ಇದೇ ಮಾತಿನಲ್ಲಿ, ಒಂದಕ್ಷರ ತಿದ್ದದೆ, ದೊಡ್ಡ ಪರದೆಯ ಮೇಲೆ ನೋಡುವ ಆಸೆ ನನಗಿದೆ.

ಈ ಸೀಮೆಯ ಮಾತಿಗೆ ಸಿನಿಮಾದಲ್ಲಿ ಮರ್ಯಾದೆ ಸಿಕ್ಕಿದ್ದೂ ಉಂಟು. 1997ರ ‘ನಾಗಮಂಡಲ’ದ ಹಾಡುಗಳನ್ನು ಬರೆದವರು ಹುಬ್ಬಳ್ಳಿಯಲ್ಲಿ ಪತ್ರಕರ್ತರಾಗಿದ್ದ ಗೋಪಾಲ ವಾಜಪೇಯಿ.

ನಾಡಿನ ಬೇರೆ ನುಡಿಗಳೂ ತೆರೆಗೆ ಬಂದವು: ತುಳುವಿನ ಮೊದಲ ಚಿತ್ರ ‘ಎನ್ನ ತಂಗಡಿ’ (1971). ಕೊಡವ ಭಾಷೆಯದು ‘ನಾಡ ಮಣ್ಣ್ ನಾಡ ಕೂಳ್’ (1972). ಬ್ಯಾರಿ ಭಾಷೆ 2011ರವರೆಗೆ ಕಾಯಬೇಕಾಯಿತು. ಆದರೆ ಮೊದಲ ಚಿತ್ರ ‘ಬ್ಯಾರಿ’ಯೇ ಮರಾಠಿಯ ‘ದೇವೂಳ್’ ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು.

ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಮಕ್ಕಳೇ ಎದ್ದು ನಿಲ್ಲುವ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ (2018) ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆಯಿತು. ಗಡಿಯಾಚೆಯ ಆ ಮಕ್ಕಳಿಗೆ ಕನ್ನಡ ಬರೀ ಪಾಠವಲ್ಲ, ಮನೆ.

2022ರ ‘ಕಾಂತಾರ’ದಲ್ಲಿ ಭೂತಕೋಲದ ರಾತ್ರಿ ಅಪ್ಪ ಕಾಡಿನಲ್ಲಿ ಮಾಯವಾಗುವುದನ್ನು ಕಾಣುವುದು ಒಬ್ಬ ಪುಟ್ಟ ಹುಡುಗ. ಕರಾವಳಿ ಕನ್ನಡದ ಈ ಚಿತ್ರ ಬಳಿಕ ತುಳುವಿಗೂ ಡಬ್ ಆಯಿತು.

ಅಲೈ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ನಮ್ಮ ಕಡೆ ಹಿಂದೂ ಮನೆಯವರೂ ಹರಕೆ ಹೊತ್ತು ಮಕ್ಕಳನ್ನು ಫಕೀರರನ್ನಾಗಿ ಮಾಡುತ್ತಾರೆ. ಕೊರಳಿಗೆ ಲಾಡಿ, ಕೈಯಲ್ಲಿ ಜೋಳಿಗೆ. ಹಿಂದೂ ಗುರು, ಮುಸ್ಲಿಂ ಶಿಷ್ಯರ ಕಥೆಯಾದ ‘ಸಂತ ಶಿಶುನಾಳ ಶರೀಫ’ (1990) ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಗೆದ್ದದ್ದು ಈ ನೆಲದವರಿಗೆ ಅಚ್ಚರಿ ಅನಿಸಿರಲಾರದು.

ಮತ್ತೆ ಮಕ್ಕಳ ಹಬ್ಬಗಳಿಗೆ ಬಂದರೆ, ನಾಗರ ಪಂಚಮಿಯಲ್ಲಿ ಕೊಬ್ಬರಿ ಬಟ್ಟಲಿಗೆ ತೂತು ಕೊರೆದು, ದಾರ ಪೋಣಿಸಿ, ಗಿರ್ರನೆ ತಿರುಗಿಸುವ ಆಟವಿದೆ. ಆಟ ಮುಗಿದಮೇಲೆ ಬಟ್ಟಲು ಹೊಟ್ಟೆಗೆ.

ಆಷಾಢದ ಮಂಗಳವಾರಗಳು ಹುಡುಗಿಯರವು. ಮಣ್ಣಿನ ಗುಳ್ಳವ್ವ ದೇವಿಯನ್ನು ಮಾಡಿ, ಹಾಡಿ, ಬುತ್ತಿ ಹಂಚಿಕೊಂಡು ಉಣ್ಣುತ್ತಾರೆ. ಗೌರಿ ಹುಣ್ಣಿಮೆಗೆ ಅದೇ ಹುಡುಗಿಯರು ಅವ್ವನ ಸೀರೆ ಸುತ್ತಿಕೊಂಡು, ಎಡವದಂತೆ ನೆರಿಗೆ ಎತ್ತಿ ಹಿಡಿದು, ಸಕ್ಕರಿ ಆರತಿಯ ತಟ್ಟೆ ಹೊತ್ತು ಹೊರಡುತ್ತಾರೆ. ಕಟ್ಟಿಗೆಯ ಅಚ್ಚಿನಲ್ಲಿ ಎರೆದ ಆನೆ, ತೇರು, ಗೊಂಬೆ. ಗುಡಿ ಮುಟ್ಟುವ ಮೊದಲೇ ಆನೆಯ ಸೊಂಡಿಲು ಯಾರದೋ ಬಾಯಿ ಸೇರಿರುತ್ತದೆ.