ಗಾಂಜಾ ಚಿಕಿತ್ಸೆಗೆ ಅರ್ಹವೆನಿಸಿದ ವ್ಯಾಧಿಗಳು: ಕಾಯಿದೆಯ ಪಟ್ಟಿಯೂ ವೈದ್ಯಶಾಸ್ತ್ರದ ಪ್ರಮಾಣವೂ

ಯಾವ ರೋಗಕ್ಕೆ ಯಾವ ಔಷಧವೆಂಬುದನ್ನು ನಿರ್ಣಯಿಸುವ ಅಧಿಕಾರ ಸಾಮಾನ್ಯವಾಗಿ ವೈದ್ಯನಿಗೆ ಸೇರಿದ್ದು. ಔಷಧವು ಬಳಕೆಗೆ ಬರುವ ಮುನ್ನ ಪ್ರಯೋಗಗಳಿಂದ ಪರೀಕ್ಷಿತವಾಗಿರಬೇಕು. ಬಂದ ಮೇಲೆ ವೈದ್ಯನ ವಿವೇಚನೆಯೇ ಪ್ರಮಾಣ. ಈ ಕ್ರಮಕ್ಕೆ ಒಂದು ವಿಲಕ್ಷಣವಾದ ಅಪವಾದವಿದೆ. ಗಾಂಜಾ ಗಿಡದ ವಿಷಯದಲ್ಲಿ, ಯಾವ ವ್ಯಾಧಿಯುಳ್ಳವರು ಅದನ್ನು ಪಡೆಯಲು ಅರ್ಹರೆಂಬುದನ್ನು ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಶಾಸನಸಭೆಗಳೂ ಮತದಾರರೂ ಪಟ್ಟಿಮಾಡಿ ಗೊತ್ತುಪಡಿಸಿದರು. ಆ ಪಟ್ಟಿಗಳು ಹೇಗೆ ಹುಟ್ಟಿದವು, ಅವುಗಳಲ್ಲಿ ಸೇರಿರುವ ವ್ಯಾಧಿಗಳಿಗೆ ಶಾಸ್ತ್ರದ ಆಧಾರವೆಷ್ಟು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡುತ್ತೇವೆ.

ಭಂಗಿ, ಗಾಂಜಾ, ಚರಸ್ ಎಂಬ ಹೆಸರುಗಳಿಂದ ನಮಗೆ ಪರಿಚಿತವಾಗಿರುವ ಈ ಸಸ್ಯವು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯವಾದುದು ಮುಖ್ಯವಾಗಿ ಭಾರತದಿಂದಲೇ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಓಶಾನೆಸ್ಸಿ ಎಂಬಾತನು ಇದನ್ನು ಮೊದಲು ಪ್ರಾಣಿಗಳ ಮೇಲೆಯೂ ಅನಂತರ ರೋಗಿಗಳ ಮೇಲೆಯೂ ಪರೀಕ್ಷಿಸಿ, 1839ರಲ್ಲಿ ತನ್ನ ವರದಿಯನ್ನು ಮಂಡಿಸಿದನು. ಸಂಧಿವಾತ, ಧನುರ್ವಾಯು, ಕಾಲರಾ, ಎಳೆಮಕ್ಕಳ ಸೆಳೆತ ಇವು ಆತನು ಚಿಕಿತ್ಸೆ ನಡೆಸಿದ ವ್ಯಾಧಿಗಳಲ್ಲಿ ಕೆಲವು. ಇವುಗಳಲ್ಲಿ ಕೊನೆಯದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಈ ಗಿಡದ ಕಾರ್ಯವಿಧಾನವು ತಿಳಿದುಬರಲು ಮತ್ತೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇಸ್ರೇಲಿನ ರಾಫಾಯೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗವೋನಿ ಎಂಬ ವಿಜ್ಞಾನಿಗಳು 1964ರಲ್ಲಿ ಅಮಲಿಗೆ ಕಾರಣವಾದ ಟೆಟ್ರಾಹೈಡ್ರೊಕ್ಯಾನಬಿನಾಲ್ ಎಂಬ ದ್ರವ್ಯವನ್ನು ಪ್ರತ್ಯೇಕಿಸಿ ಅದರ ರಚನೆಯನ್ನು ನಿರ್ಧರಿಸಿದರು. ಅದನ್ನು ಸ್ವೀಕರಿಸುವ ಗ್ರಾಹಕಗಳು ಮಿದುಳಿನಲ್ಲಿರುವುದು 1988ರಲ್ಲಿ ಸಿದ್ಧವಾಯಿತು. ಅವೇ ಗ್ರಾಹಕಗಳಿಗೆ ಅಂಟಿಕೊಳ್ಳುವ, ದೇಹವು ತಾನೇ ಉತ್ಪಾದಿಸುವ ದ್ರವ್ಯವೊಂದು 1992ರಲ್ಲಿ ದೊರೆತಾಗ, ಅದಕ್ಕೆ ಸಂಸ್ಕೃತದ ‘ಆನಂದ’ ಶಬ್ದದಿಂದ ‘ಆನಂದಮೈಡ್’ ಎಂದು ಹೆಸರಿಟ್ಟರು. ನೋವು, ವಾಂತಿ, ಹಸಿವು, ಸ್ನಾಯುಗಳ ಬಿಗಿತ ಇವುಗಳನ್ನು ನಿಯಂತ್ರಿಸುವ ನರಮಾರ್ಗಗಳಲ್ಲಿ ಈ ಗ್ರಾಹಕಗಳು ಹರಡಿಕೊಂಡಿರುವುದರಿಂದ, ಒಂದೇ ಗಿಡವು ಪರಸ್ಪರ ಸಂಬಂಧವಿಲ್ಲದಂತೆ ತೋರುವ ಹಲವು ವ್ಯಾಧಿಗಳಲ್ಲಿ ಪರಿಣಾಮವನ್ನುಂಟುಮಾಡುವುದು ಆಶ್ಚರ್ಯವಲ್ಲ. ಅದೇ ಗಿಡದ ಕ್ಯಾನಬಿಡಯಾಲ್ ಎಂಬ ಇನ್ನೊಂದು ದ್ರವ್ಯವು ಅಮಲನ್ನು ಉಂಟುಮಾಡುವುದಿಲ್ಲ.

ಇನ್ನು ಪಟ್ಟಿಗಳ ವಿಚಾರ. ಅಮೆರಿಕದ 1970ರ ಕೇಂದ್ರ ಕಾಯಿದೆಯು ಗಾಂಜಾವನ್ನು ಅಂಗೀಕೃತವಾದ ವೈದ್ಯಕೀಯ ಉಪಯೋಗವಿಲ್ಲದ ವಸ್ತುಗಳ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿತು. ಗ್ಲಾಕೋಮಾದಿಂದ ದೃಷ್ಟಿಯನ್ನು ಕಳೆದುಕೊಳ್ಳುತ್ತಿದ್ದ ರಾಬರ್ಟ್ ರ‍್ಯಾಂಡಲ್ ಎಂಬ ರೋಗಿಯು ಮನೆಯಲ್ಲಿ ಗಿಡ ಬೆಳೆಸಿದ್ದಕ್ಕಾಗಿ ಬಂಧಿತನಾಗಿ, 1976ರಲ್ಲಿ ತನಗೆ ಅದು ಅನಿವಾರ್ಯವೆಂದು ನ್ಯಾಯಾಲಯವನ್ನು ಒಪ್ಪಿಸಿದನು. ಅನಂತರ ಕೆಲವೇ ರೋಗಿಗಳಿಗೆ ಸರ್ಕಾರವೇ ಗಾಂಜಾವನ್ನು ಒದಗಿಸಿತು. ಏಡ್ಸ್ ರೋಗಿಗಳ ಅರ್ಜಿಗಳು ಹೆಚ್ಚಿದಾಗ, 1992ರಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಕೇಂದ್ರವು ಮುಚ್ಚಿದುದನ್ನು ಸಂಸ್ಥಾನಗಳು ತೆರೆದವು. 1996ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಅಂಗೀಕರಿಸಿದ ಕಾಯಿದೆಯು ಕ್ಯಾನ್ಸರ್, ಹಸಿವಿನ ನಾಶ, ಏಡ್ಸ್, ದೀರ್ಘಕಾಲದ ನೋವು, ಸ್ನಾಯುಗಳ ಸೆಡೆತ, ಗ್ಲಾಕೋಮಾ, ಸಂಧಿವಾತ, ಅರೆತಲೆನೋವು ಇವುಗಳನ್ನು ಹೆಸರಿಸಿ, ಕೊನೆಯಲ್ಲಿ ಗಾಂಜಾದಿಂದ ಉಪಶಮನ ದೊರೆಯುವ ಬೇರಾವ ವ್ಯಾಧಿಯನ್ನಾದರೂ ಒಳಗೊಳ್ಳುವಂತೆ ವಿಧಿಸಿತು.

ನ್ಯೂಯಾರ್ಕಿನ 2014ರ ಕಾಯಿದೆಯದು ಇದಕ್ಕೆ ತದ್ವಿರುದ್ಧವಾದ ಮಾರ್ಗ. ಅಲ್ಲಿ ಎರಡು ಪಟ್ಟಿಗಳಿದ್ದವು. ಕ್ಯಾನ್ಸರ್, ಏಡ್ಸ್, ಪಾರ್ಕಿನ್ಸನ್ ವ್ಯಾಧಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಮೂರ್ಛೆರೋಗ ಮೊದಲಾದುವು ಒಂದನೆಯದರಲ್ಲಿ. ದೇಹಕ್ಷಯ, ತೀವ್ರವಾದ ನೋವು, ಓಕರಿಕೆ, ಸೆಳೆತ, ಸ್ನಾಯುಗಳ ಬಿಗಿತ ಎಂಬ ಲಕ್ಷಣಗಳು ಎರಡನೆಯದರಲ್ಲಿ. ರೋಗಿಯು ಎರಡರಲ್ಲಿಯೂ ಸೇರಿರಬೇಕಾಗಿತ್ತು. ದೀರ್ಘಕಾಲದ ನೋವು ಸ್ವತಂತ್ರವಾದ ಅರ್ಹತೆಯಾಗಿ ಸೇರಿದುದು 2017ರಲ್ಲಿ. ಅಂದರೆ, ರೋಗವಾಗಲಿ ನೋವಾಗಲಿ ಬದಲಾಗದೆ, ಮುದ್ರಿತವಾದ ಒಂದು ಸಾಲು ಬದಲಾದ ಮಾತ್ರದಿಂದ ಅನರ್ಹರಾಗಿದ್ದವರು ಅರ್ಹರಾದರು.

ಈ ವ್ಯಾಧಿಗಳನ್ನು ಪ್ರಮಾಣದ ಬಲಾಬಲಗಳಿಗನುಸಾರವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಆಧಾರವು ದೃಢವಾಗಿರುವ ವರ್ಗ. ಕ್ಯಾನ್ಸರಿನ ಔಷಧಗಳಿಂದ ಉಂಟಾಗುವ ಓಕರಿಕೆ ವಾಂತಿಗಳಿಗೆ, ಕೃತಕವಾಗಿ ತಯಾರಿಸಿದ ಟೆಟ್ರಾಹೈಡ್ರೊಕ್ಯಾನಬಿನಾಲಿಗೆ ಅಮೆರಿಕದಲ್ಲಿ 1985ರಲ್ಲಿಯೇ ಮನ್ನಣೆ ದೊರೆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರತಂತುಗಳ ಹೊದಿಕೆ ಹಾಳಾಗಿ ಸ್ನಾಯುಗಳು ಸೆಡೆತುಕೊಳ್ಳುತ್ತವೆ. ಇದಕ್ಕೆ ಬಾಯಿಗೆ ಸಿಂಪಡಿಸುವ ಔಷಧವೊಂದನ್ನು ಬ್ರಿಟನ್ 2010ರಲ್ಲಿ ಅಂಗೀಕರಿಸಿತು. ಮೂರನೆಯದು ಮಕ್ಕಳ ಕೆಲವು ಕಠಿನವಾದ ಮೂರ್ಛೆರೋಗಗಳು. ಡ್ರಾವೆಟ್ ಲಕ್ಷಣಕೂಟವುಳ್ಳ 120 ಮಂದಿ ಮಕ್ಕಳು ಮತ್ತು ತರುಣರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾನಬಿಡಯಾಲ್ ಪಡೆದವರಿಗೆ ತಿಂಗಳಿಗೆ ಬರುತ್ತಿದ್ದ ಸೆಳೆತಗಳ ಮಧ್ಯಾಂಕವು 12.4ರಿಂದ 5.9ಕ್ಕೆ ಇಳಿಯಿತು, ಹುಸಿಮದ್ದನ್ನು ಪಡೆದವರಲ್ಲಿ 14.9ರಿಂದ 14.1ಕ್ಕೆ ಮಾತ್ರ ಇಳಿಯಿತು. ನಿದ್ರಾಲುತನ, ಭೇದಿ, ಯಕೃತ್ತಿನ ಏರುಪೇರು ಇವು ಕಂಡುಬಂದ ಉಪದ್ರವಗಳು. ಈ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಓಶಾನೆಸ್ಸಿಯು ಎಳೆಗೂಸಿನ ಸೆಳೆತದಲ್ಲಿ ಕಂಡ ಸೂಚನೆಯ ದಿಕ್ಕಿನಲ್ಲಿಯೇ ಪ್ರಮಾಣವು ದೊರೆಯಲು 178 ವರ್ಷಗಳು ಬೇಕಾದುವು.

ಎರಡನೆಯದು ವಿವಾದಾಸ್ಪದವಾದ ವರ್ಗ; ಇಲ್ಲಿ ಮುಖ್ಯವಾದುದು ದೀರ್ಘಕಾಲದ ನೋವು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿಯು 2017ರಲ್ಲಿ, ವಯಸ್ಕರ ದೀರ್ಘಕಾಲದ ನೋವಿಗೆ ಗಾಂಜಾ ಪರಿಣಾಮಕಾರಿಯೆಂಬುದಕ್ಕೆ ಗಣನೀಯವಾದ ಆಧಾರವಿದೆಯೆಂದು ಹೇಳಿತು. ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿಯು 2019ರಲ್ಲಿ, ಇದೇ ನೋವಿಗೆ ಇದೇ ದ್ರವ್ಯಗಳನ್ನು ಕೊಡತಕ್ಕದ್ದಲ್ಲವೆಂದು ಸಲಹೆಮಾಡಿತು. ಎರಡೂ ಕಡೆಯವರ ಮುಂದಿದ್ದ ಪ್ರಯೋಗಗಳು ಬಹುಮಟ್ಟಿಗೆ ಒಂದೇ ಬಗೆಯವು. ಒಬ್ಬರು ಪರಿಣಾಮವುಂಟೇ ಎಂದು ಕೇಳಿದರು; ಇನ್ನೊಬ್ಬರು ಆ ಪರಿಣಾಮವು ಅಪಾಯಕ್ಕೂ ವೆಚ್ಚಕ್ಕೂ ತಕ್ಕಷ್ಟು ದೊಡ್ಡದೇ ಎಂದು ಕೇಳಿದರು. ಪ್ರಶ್ನೆ ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು.

ಮೂರನೆಯದು, ಪಟ್ಟಿಯಲ್ಲಿ ಸ್ಥಾನವಿದ್ದರೂ ಚಿಕಿತ್ಸೆಗೆ ಒದಗದ ವರ್ಗ. ಗ್ಲಾಕೋಮಾ ಇದಕ್ಕೆ ಉತ್ತಮ ನಿದರ್ಶನ. ಗಾಂಜಾ ಸೇದಿದರೆ ಕಣ್ಣಿನ ಒಳ ಒತ್ತಡವು ಕಡಮೆಯಾಗುವುದೆಂದು 1971ರಲ್ಲಿ ವರದಿಯಾದುದು ನಿಜ. ಆದರೆ ಆ ಪರಿಣಾಮವು ಮೂರು ನಾಲ್ಕು ಗಂಟೆಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಒತ್ತಡವು ಹಗಲಿರುಳೂ ತಗ್ಗಿರಬೇಕಾದರೆ ರೋಗಿಯು ದಿನಕ್ಕೆ ಆರೆಂಟು ಬಾರಿ ಸೇದಿ ಸದಾ ಅಮಲಿನಲ್ಲಿರಬೇಕಾಗುವುದು. ಅಮೆರಿಕದ ನೇತ್ರವೈದ್ಯರ ಅಕಾಡೆಮಿಯು ಈ ಚಿಕಿತ್ಸೆಯನ್ನು ಸಮರ್ಥಿಸಿಲ್ಲ. ದಿನಕ್ಕೊಮ್ಮೆ ಹಾಕುವ ಕಣ್ಣಿನ ಹನಿಯೌಷಧವಿರುವಾಗ, ಕಾಯಿದೆಯನ್ನು ನಂಬಿ ಅದನ್ನು ಬಿಟ್ಟ ರೋಗಿಯು ಕಳೆದುಕೊಂಡ ದೃಷ್ಟಿ ಮರಳಿ ಬಾರದು.

ಹೀಗೆ ಪಟ್ಟಿಯ ದೋಷವು ಎರಡು ಬಗೆಯದು. ಪ್ರಮಾಣವಿಲ್ಲದುದನ್ನು ಅದು ಚಿಕಿತ್ಸೆಯೆಂದು ನಂಬಿಸಬಹುದು; ಹೆಸರೇ ಕೇಳದ ಅಪೂರ್ವವ್ಯಾಧಿಯುಳ್ಳ ಮಗುವನ್ನು ಹೊರಗಿಡಬಹುದು. ನ್ಯೂಯಾರ್ಕ್ 2021ರ ಕಾಯಿದೆಯ ಮೂಲಕ, ಪಟ್ಟಿಯಲ್ಲಿಲ್ಲದ ವ್ಯಾಧಿಗಳ ವಿಷಯದಲ್ಲಿಯೂ ನಿರ್ಣಯವನ್ನು ವೈದ್ಯನಿಗೆ ಒಪ್ಪಿಸಿತು. ಬ್ರಿಟನ್ 2018ರಲ್ಲಿ ವ್ಯಾಧಿಗಳನ್ನು ಹೆಸರಿಸದೆ, ಬರೆದುಕೊಡುವ ಅಧಿಕಾರವನ್ನು ತಜ್ಞವೈದ್ಯರಿಗೆ ಮಾತ್ರ ಮೀಸಲಿಟ್ಟಿತು. ಮೊದಲನೆಯದರಲ್ಲಿ ಸಡಿಲಿಕೆಯ ಭಯ, ಎರಡನೆಯದರಲ್ಲಿ ಔಷಧವು ದುರ್ಲಭವಾಗುವ ಭಯ ಇದ್ದೇ ಇದೆ. ಎಳೆಯ ವಯಸ್ಸಿನವರಲ್ಲಿಯೂ ಮನೋವಿಕಾರದ ಪ್ರವೃತ್ತಿಯುಳ್ಳವರಲ್ಲಿಯೂ ಅಮಲುದ್ರವ್ಯದಿಂದ ಕೇಡು ಸಂಭವಿಸುವುದರಿಂದ, ವಿವೇಚನೆಯು ಯಾರ ಕೈಯಲ್ಲಿದ್ದರೂ ಎಚ್ಚರಿಕೆಯು ಅವಶ್ಯಕ.

ನಮ್ಮ ದೇಶದ 1985ರ ಕಾಯಿದೆಯು ಗಾಂಜಾ ಮತ್ತು ಚರಸ್‌ಗಳನ್ನು ನಿಷೇಧಿಸಿದರೂ, ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳಿಗೆ ಅವಕಾಶವನ್ನಿಟ್ಟಿದೆ. ಹೂವಿನ ತುದಿಯೊಡನೆ ಸೇರಿರದ ಎಲೆ ಮತ್ತು ಬೀಜಗಳನ್ನು ಗಾಂಜಾ ಎಂಬುದರ ವ್ಯಾಖ್ಯೆಯಿಂದ ಹೊರಗಿರಿಸಿದೆ. ಆದುದರಿಂದ ಸಂಶೋಧನೆಗೆ ಮಾರ್ಗವು ಪೂರ್ಣವಾಗಿ ಮುಚ್ಚಿಲ್ಲ. ‘ಗಾಂಜಾ ಔಷಧವೇ ಅಲ್ಲವೇ’ ಎಂಬುದು ಶಾಸ್ತ್ರೀಯವಾದ ಪ್ರಶ್ನೆಯಲ್ಲವೆಂದು ನಮ್ಮ ಅಭಿಪ್ರಾಯ. ಯಾವ ದ್ರವ್ಯ, ಯಾವ ಪ್ರಮಾಣದಲ್ಲಿ, ಯಾವ ವ್ಯಾಧಿಯ ಯಾವ ಲಕ್ಷಣಕ್ಕೆ, ಯಾವುದಕ್ಕೆ ಹೋಲಿಸಿ ಎಂದು ಕೇಳಿದಾಗಲೇ ಉತ್ತರವು ದೊರೆಯುವುದು. ವಿದ್ಯಾರ್ಥಿಗಳು ಇಂಥ ಯಾವ ಪಟ್ಟಿಯನ್ನು ಕಂಡರೂ, ಪ್ರತಿಯೊಂದು ಹೆಸರಿನ ಮುಂದೆಯೂ ಈ ಪ್ರಶ್ನೆಯನ್ನು ಹಾಕಿಕೊಳ್ಳುವುದನ್ನು ಅಭ್ಯಾಸಮಾಡಬೇಕು.