ತೊಟ್ಟಿಯೊಳಗಿನ ಕಡಲು

ಕಡಲೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅದರ ಚಾಂಚಲ್ಯ. ಅಲೆಗಳು ಏಳುತ್ತವೆ, ಬೀಳುತ್ತವೆ. ಬಿರುಗಾಳಿ ಬೀಸಿದರೆ ಹಡಗುಗಳೇ ತತ್ತರಿಸುತ್ತವೆ. ಆದರೆ ಮೇಲ್ಮೈಯ ಈ ಕೋಲಾಹಲವನ್ನು ಬದಿಗಿಟ್ಟು ನೀರಿನ ಗುಣಗಳನ್ನು ಅಳೆದು ನೋಡಿದರೆ, ಕಡಲಿನಷ್ಟು ಸ್ಥಿರವಾದ ಮನೆ ಭೂಮಿಯ ಮೇಲೆ ಮತ್ತೊಂದಿಲ್ಲವೆನ್ನಬೇಕು. ಹಗಲು ಕಾದ ನೆಲ ಇರುಳಿಗೆ ಹತ್ತು ಹದಿನೈದು ಡಿಗ್ರಿ ತಣ್ಣಗಾಗಬಹುದು. ಉಷ್ಣವಲಯದ ತೆರೆಗಡಲಿನ ನೀರಾದರೋ ಸಾಮಾನ್ಯವಾಗಿ ಒಂದು ಡಿಗ್ರಿಯಷ್ಟೂ ಬದಲಾಗದು. ಅದರಲ್ಲಿ ಕರಗಿರುವ ಲವಣ ಕಿಲೋಗ್ರಾಮಿಗೆ ಸುಮಾರು ೩೫ ಗ್ರಾಂ. ಇದೂ ಹೆಚ್ಚಾಗಿ ಕದಲುವುದಿಲ್ಲ. ಈ ಸ್ಥಿರತೆಗೆ ಕಾರಣ ನೀರಿನ ಅಪಾರ ರಾಶಿ. ಇಂಥ ಕಡಲಿನ ನೂರು ಲೀಟರನ್ನು ಮಾತ್ರ ಗಾಜಿನ ತೊಟ್ಟಿಯಲ್ಲಿ ತುಂಬಿ, ಅದರಲ್ಲಿ ಹವಳವೊಂದನ್ನು ಬದುಕಿಸಬೇಕೆಂದರೆ ಏನು ಮಾಡಬೇಕು? ಕಡಲು ತನ್ನ ಗಾತ್ರದಿಂದ ಸಾಧಿಸಿದುದನ್ನು ನಾವು ನಮ್ಮ ಎಚ್ಚರದಿಂದ ಸಾಧಿಸಬೇಕು. ಮೃದು ಹವಳಗಳ ಪಾಲನೆಯ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಹುಳುವೂ ಅಲ್ಲ, ಗಿಡವೂ ಅಲ್ಲ

ರೂಢಿಯಲ್ಲಿ ‘ಹವಳದ ಹುಳು’ ಎನ್ನುವುದುಂಟು. ವಾಸ್ತವವಾಗಿ ಅದು ಹುಳುವಲ್ಲ. ಲೋಳೆಮೀನಿನ ಬಂಧುವಾದ ಒಂದು ಸರಳ ಪ್ರಾಣಿ. ಪಾಲಿಪ್ ಎಂಬ ಹೆಸರಿನ ಈ ಪ್ರಾಣಿಯ ದೇಹ ಒಂದು ಪುಟ್ಟ ಚೀಲದಂತಿದೆ. ಚೀಲದ ಬಾಯಿಯ ಸುತ್ತಲೂ ಗ್ರಹಣಾಂಗಗಳಿವೆ. ನೂರಾರು, ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಬೆಸೆದುಕೊಂಡು ಬಾಳುವ ಸಮೂಹವೇ ನಾವು ಕಾಣುವ ಹವಳ. ಗಟ್ಟಿ ಹವಳಗಳು ತಮ್ಮ ಕೆಳಗೆ ಸುಣ್ಣದ ಕಲ್ಲನ್ನು ಕಟ್ಟಿಕೊಳ್ಳುತ್ತವೆ. ದಿಬ್ಬಗಳನ್ನೂ ದ್ವೀಪಗಳನ್ನೂ ನಿರ್ಮಿಸಿದ ಶಿಲ್ಪಿಗಳು ಇವೇ. ಮೃದು ಹವಳಗಳಿಗೆ ಅಂಥ ಕಲ್ಲುಮನೆಯಿಲ್ಲ. ಅವುಗಳ ಮಾಂಸದೊಳಗೆ ಸುಣ್ಣದ ಸಣ್ಣ ಕಡ್ಡಿಗಳು ಚದರಿರುತ್ತವೆ. ಆದ್ದರಿಂದಲೇ ಅವು ನೀರಿನ ಸೆಳೆತಕ್ಕೆ ಬಾಗಿ ತೂಗಾಡಬಲ್ಲವು. ಇವುಗಳನ್ನು ಗುರುತಿಸಲು ಒಂದು ಸುಲಭವಾದ ಲಕ್ಷಣವುಂಟು: ಪ್ರತಿಯೊಂದು ಪಾಲಿಪ್‌ಗೂ ಎಂಟೇ ಎಂಟು ಗ್ರಹಣಾಂಗಗಳು, ಒಂದೊಂದರ ಅಂಚಿನಲ್ಲಿಯೂ ಹಕ್ಕಿಯ ಗರಿಯಂತೆ ಎಳೆಗಳು.

ನಾಯಿಕೊಡೆಯಂತೆ ಹರಡುವ ಸಾರ್ಕೋಫೈಟನ್, ಕೈಬೆರಳುಗಳಂತೆ ಮೇಲೇಳುವ ಸಿನುಲೇರಿಯ, ಹಿಡಿ ಮುಚ್ಚಿ ತೆರೆದಂತೆ ಸದಾ ಮಿಡಿಯುವ ಜೀನಿಯ, ಇವು ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕುವ ಮೃದು ಹವಳಗಳು. ಇವುಗಳ ಅಂಗಾಂಶದೊಳಗೆ ಹೊಂಬಣ್ಣದ ಏಕಕೋಶ ಪಾಚಿಗಳು ಲೆಕ್ಕವಿಲ್ಲದಷ್ಟು ನೆಲೆಸಿವೆ. ಇಂಥ ಪಾಚಿಗಳಿಗೆ ‘ಜೂಕ್ಸಾಂತೆಲ್ಲ’ ಎಂಬ ಹೆಸರು ಬಂದುದು ೧೮೮೧ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ಕಾರ್ಲ್ ಬ್ರಾಂಟ್ ಅವರಿಂದ. ಹವಳವು ಉಸಿರಾಟದಿಂದ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನೂ ಅದರ ಸಾರಜನಕಯುಕ್ತ ಕಶ್ಮಲವನ್ನೂ ಪಾಚಿ ಬಳಸಿಕೊಳ್ಳುತ್ತದೆ. ಬಿಸಿಲಿನ ಬಲದಿಂದ ಸಕ್ಕರೆಯನ್ನು ತಯಾರಿಸಿ ಅದರಲ್ಲಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹೀಗಾಗಿ ಹವಳವನ್ನು ಸಾಕುವವನು ಏಕಕಾಲದಲ್ಲಿ ಪ್ರಾಣಿಯನ್ನೂ ಸಾಕಬೇಕು, ತೋಟವನ್ನೂ ಮಾಡಬೇಕು.

ಚಲಿಸುವ ನೀರು

ಹವಳವನ್ನು ಕಡಲಿನಿಂದ ಮನೆಗೆ ತಂದು ಬಹುಕಾಲ ಬದುಕಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬ ಮಹಿಳೆ ಮುಖ್ಯರು. ೧೮೪೬ರಲ್ಲಿ ಆಕೆ ಟಾರ್ಕೀ ಎಂಬ ಕರಾವಳಿಯ ಊರಿನಿಂದ ಸಣ್ಣ ಹವಳಗಳನ್ನು ಲಂಡನ್ನಿಗೆ ತಂದರು. ಕಡಲು ದೂರ, ತಂದ ನೀರು ಸ್ವಲ್ಪವೇ. ಆ ನೀರನ್ನು ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆಯ ಕಾಲ ಸುರಿಸುತ್ತ ಗಾಳಿಯಾಡಿಸಲಾಗುತ್ತಿತ್ತು. ಈ ಶ್ರಮದ ಕೆಲಸವನ್ನು ಮಾಡುತ್ತಿದ್ದವಳು ಮನೆಯ ಸೇವಕಿಯಾದ ಒಬ್ಬ ಹುಡುಗಿ. ಮರುವರ್ಷ ಥಿನ್ ಪಾತ್ರೆಯಲ್ಲಿ ಕಡಲಪಾಚಿಯನ್ನೂ ಇಟ್ಟರು. ಆ ಹುಡುಗಿಯ ಕೈ ಮಾಡುತ್ತಿದ್ದ ಕೆಲಸವನ್ನು ಇಂದು ವಿದ್ಯುತ್ ಪಂಪು ಮಾಡುತ್ತದೆ. ತತ್ತ್ವ ಮಾತ್ರ ಅದೇ. ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದು ಅತ್ಯಲ್ಪ: ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಏಳು ಮಿಲಿಗ್ರಾಮಿಗಿಂತಲೂ ಕಡಮೆ. ಮೇಲ್ಮೈ ಕಲಕುತ್ತಲೇ ಇದ್ದರೆ ಮಾತ್ರ ಖರ್ಚಾದಷ್ಟು ಮತ್ತೆ ಗಾಳಿಯಿಂದ ಒಳಸೇರುತ್ತದೆ. ರಾತ್ರಿಯ ಹೊತ್ತು ಪಾಚಿಯೂ ಆಮ್ಲಜನಕವನ್ನೇ ಬಳಸುವುದರಿಂದ, ವಿದ್ಯುತ್ತು ನಿಂತು ಪಂಪು ಸ್ತಬ್ಧವಾದರೆ ಕೆಲವೇ ಗಂಟೆಗಳಲ್ಲಿ ಅಪಾಯ ಒದಗಬಹುದು. ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಗಾಳಿಯಂತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು ಜಾಣತನ.

ನೀರಿನ ಚಲನೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ಅದನ್ನು ತೋರಿಸಿಕೊಟ್ಟುದು ಜೀನಿಯದ ಕುಟುಂಬಕ್ಕೆ ಸೇರಿದ ಹವಳ. ಪುಕ್ಕಟೆಯಾಗಿ ಹರಿಯುವ ನೀರಿರುವಾಗ ಈ ಪ್ರಾಣಿ ಶಕ್ತಿಯನ್ನು ವ್ಯಯಿಸಿ ಹಗಲಿರುಳು ಮಿಡಿಯುವುದೇಕೆ? ಕೆಂಪು ಸಮುದ್ರದಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇದಕ್ಕೆ ಉತ್ತರ ನೀಡಿತು. ಯಾವುದೇ ಘನವಸ್ತುವಿನ ಮೈಗೆ ಅಂಟಿಕೊಂಡಂತೆ ನೀರಿನ ಒಂದು ತೆಳುಪದರ ಬಹುಮಟ್ಟಿಗೆ ನಿಶ್ಚಲವಾಗಿ ನಿಲ್ಲುತ್ತದೆಯೆಂಬುದು ದ್ರವಗಳ ಚಲನಶಾಸ್ತ್ರವನ್ನು ಓದಿದವರಿಗೆ ತಿಳಿದ ವಿಷಯ. ಬಿಸಿಲಿನಲ್ಲಿ ಪಾಚಿ ಉತ್ಪಾದಿಸಿದ ಆಮ್ಲಜನಕ ಈ ಪದರದಲ್ಲಿ ಸೆರೆಯಾಗಿ ಉಳಿದರೆ ದ್ಯುತಿಸಂಶ್ಲೇಷಣೆಯೇ ಕುಂಠಿತವಾಗುತ್ತದೆ. ಮಿಡಿತವು ಆ ಪದರವನ್ನು ಗುಡಿಸಿ, ಹೊಸ ನೀರನ್ನು ಬರಮಾಡಿಕೊಳ್ಳುತ್ತದೆ. ಮಿಡಿಯದ ಸಾರ್ಕೋಫೈಟನ್ನಿಗೆ ಈ ಸೇವೆಯನ್ನು ನಾವೇ ಸಲ್ಲಿಸಬೇಕು. ಒಂದೇ ಕಡೆಯಿಂದ ರಭಸವಾಗಿ ಹೊಡೆಯುವ ಧಾರೆಗಿಂತ ದಿಕ್ಕು ಬದಲಿಸುತ್ತಿರುವ ಸಾಧಾರಣ ಪ್ರವಾಹವೇ ಲೇಸು.

ಕಣ್ಣಿಗೆ ಕಾಣದ ಜಾಡಮಾಲಿಗಳು

ತೊಟ್ಟಿಯಲ್ಲಿ ಮೀನುಗಳಿದ್ದರೆ ಅವುಗಳ ಕಶ್ಮಲವೂ, ಉಳಿದ ಆಹಾರವೂ ಕೊಳೆತು ಅಮೋನಿಯ ಉಂಟಾಗುತ್ತದೆ. ಇದು ತೀವ್ರ ವಿಷ. ಕಡಲಿನಲ್ಲಿ ಇದು ಕ್ಷಣಮಾತ್ರದಲ್ಲಿ ಚದರಿಹೋಗುತ್ತದೆ. ತೊಟ್ಟಿಯಲ್ಲಿ ಹೋಗಲು ಎಡೆಯಿಲ್ಲ. ಇದನ್ನು ನಿವಾರಿಸುವ ಬ್ಯಾಕ್ಟೀರಿಯಗಳನ್ನು ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ೧೮೯೦ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇಂಡೊನೇಷ್ಯದ ಲೀ ಚಿನ್ ಎಂಗ್ ಎಂಬುವರು ೧೯೬೧ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಜೀವಾಣುಗಳಿಂದ ತುಂಬಿದ ಸರಂಧ್ರ ಸುಣ್ಣಗಲ್ಲುಗಳನ್ನು ತೊಟ್ಟಿಯಲ್ಲಿಟ್ಟು ಕಡಲಿನ ಜೀವಿಗಳನ್ನು ಸಾಕುವ ತಮ್ಮ ಸರಳ ವಿಧಾನವನ್ನು ವಿವರಿಸಿದರು. ಇಂದಿಗೂ ಹವಳದ ತೊಟ್ಟಿಯ ಅಡಿಪಾಯ ಅದೇ.

ಈ ಬ್ಯಾಕ್ಟೀರಿಯಗಳು ಬೆಳೆದು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಹೊಸ ತೊಟ್ಟಿಯನ್ನು ತುಂಬಿದ ಮರುದಿನವೇ ಹವಳವನ್ನು ಇಳಿಸುವ ಆತುರಕ್ಕೆ ಬಲಿಯಾಗುವುದು ಹವಳವೇ. ಅಮೋನಿಯವೂ ನೈಟ್ರೈಟೂ ಶೂನ್ಯಕ್ಕೆ ಇಳಿದಿವೆಯೆಂದು ಪರೀಕ್ಷಿಸಿ ತಿಳಿದ ಮೇಲೆಯೇ ಪ್ರಾಣಿಯನ್ನು ತರಬೇಕು. ನೀರನ್ನು ಸಿದ್ಧಪಡಿಸುವಾಗ ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು. ಅದರಲ್ಲಿರುವ ಕ್ಲೋರಿನ್ನೂ, ಕೊಳವೆಗಳಿಂದ ಬರಬಹುದಾದ ತಾಮ್ರದ ಅಂಶವೂ ಹವಳಕ್ಕೆ ಮಾರಕ. ಶೋಧಿಸಿದ ಶುದ್ಧ ನೀರಿಗೆ, ಕಡಲಿನ ಲವಣಗಳೆಲ್ಲವೂ ಸರಿಯಾದ ಪ್ರಮಾಣದಲ್ಲಿರುವ ಮಿಶ್ರಣವನ್ನು ಬೆರೆಸಬೇಕು. ಅಡಿಗೆಯ ಉಪ್ಪು ಇದಕ್ಕೆ ಒದಗದು. ಕಡಲಿನ ನೀರಿನಲ್ಲಿ ಲೀಟರಿಗೆ ೪೦೦ ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಮ್ಮೂ, ೧೩೦೦ ಮಿಲಿಗ್ರಾಮಿನಷ್ಟು ಮೆಗ್ನೀಸಿಯಮ್ಮೂ ಇವೆ.

ಉಪ್ಪು ಮತ್ತು ಶಾಖದ ಲೆಕ್ಕ

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ನೂರು ಲೀಟರು ನೀರಿನಲ್ಲಿ, ಲೀಟರಿಗೆ ೩೫ ಗ್ರಾಮಿನಂತೆ, ೩೫೦೦ ಗ್ರಾಂ ಲವಣವಿದೆಯೆನ್ನಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಲೀಟರು ನೀರು ಆವಿಯಾದರೆ ಐದು ದಿನಗಳಲ್ಲಿ ಉಳಿಯುವುದು ತೊಂಬತ್ತು ಲೀಟರು. ಆವಿಯಾಗುವುದು ನೀರು ಮಾತ್ರ. ಲವಣ ಅಷ್ಟೂ ಅಲ್ಲಿಯೇ ಉಳಿಯುತ್ತದೆ. ಆಗ ಲೀಟರಿಗೆ ಸುಮಾರು ೩೯ ಗ್ರಾಂ ಆಯಿತು. ಮಟ್ಟ ಇಳಿಯಿತೆಂದು ಉಪ್ಪುನೀರನ್ನೇ ಮತ್ತೆ ತುಂಬಿದರೆ ಲವಣ ಇನ್ನಷ್ಟು ಸೇರುತ್ತದೆ. ಆದಕಾರಣ ಆವಿಯಾದಷ್ಟು ಸಿಹಿನೀರನ್ನು ಪ್ರತಿದಿನವೂ ಸೇರಿಸಬೇಕು. ವಾರದ ಕೊನೆಯಲ್ಲಿ ಒಮ್ಮೆಗೇ ಅಲ್ಲ. ಸಾಂದ್ರತಾಮಾಪಕದಿಂದ ಅಳೆದರೆ ೨೫ ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ ೧.೦೨೫ರಿಂದ ೧.೦೨೬ ಇರಬೇಕು.

ಉಷ್ಣತೆ ೨೪ರಿಂದ ೨೭ ಡಿಗ್ರಿ ಇದ್ದರೆ ಒಳ್ಳೆಯದು. ನೀರಿನ ವಿಶಿಷ್ಟೋಷ್ಣ ಅಧಿಕವಾದುದರಿಂದ ನೂರು ಲೀಟರನ್ನು ಒಂದು ಡಿಗ್ರಿ ಬಿಸಿಮಾಡಲು ನೂರು ವಾಟ್ ಶಾಖ ಸುಮಾರು ಒಂದು ಗಂಟೆ ಹತ್ತು ನಿಮಿಷಗಳಷ್ಟು ಕಾಲ ಹರಿಯಬೇಕು. ಇಪ್ಪತ್ತು ಲೀಟರಿನ ತೊಟ್ಟಿಗಾದರೋ ಕಾಲುಗಂಟೆಯೇ ಸಾಕು! ಹೊಸಬರು ಸಣ್ಣ ತೊಟ್ಟಿಯೇ ಸುಲಭವೆಂದು ಭಾವಿಸುವುದುಂಟು. ಭೌತಶಾಸ್ತ್ರ ಹೇಳುವುದು ಇದಕ್ಕೆ ವಿರುದ್ಧ: ತೊಟ್ಟಿ ದೊಡ್ಡದಾದಷ್ಟೂ ಕಡಲಿಗೆ ಸಮೀಪ. ಬೇಸಿಗೆಯಲ್ಲಿ ನೀರನ್ನು ತಂಪಾಗಿಡಲು ನಮ್ಮ ಮಣ್ಣಿನ ಹೂಜಿಯ ಉಪಾಯವೇ ಸಾಕು. ಮೇಲ್ಮೈಯ ಮೇಲೆ ಸಣ್ಣ ಪಂಕವೊಂದು ಗಾಳಿ ಬೀಸಿದರೆ ನೀರು ಬೇಗನೆ ಆವಿಯಾಗುತ್ತದೆ. ಒಂದು ಲೀಟರು ಆವಿಯಾಗುವಾಗ ಹೊತ್ತೊಯ್ಯುವ ಗುಪ್ತೋಷ್ಣ, ಹೊರಗಿನ ಶಾಖ ಒಳಬರದಿದ್ದಲ್ಲಿ, ನೂರು ಲೀಟರನ್ನು ಸುಮಾರು ಆರು ಡಿಗ್ರಿ ತಣಿಸಬಲ್ಲದು. ಹೀಗೆ ಆವಿಯಾಗುವಿಕೆ ಲವಣದ ವಿಷಯದಲ್ಲಿ ಶತ್ರು, ಶಾಖದ ವಿಷಯದಲ್ಲಿ ಮಿತ್ರ.

ಬೆಳಕಿನ ಹದ

ಬಿಳಿಯ ಬೆಳಕು ಕಡಲಿಗೆ ಇಳಿದಂತೆ ಅದರ ಬಣ್ಣ ಬದಲಾಗುತ್ತದೆ. ಕೆಂಪಿನ ಬಹುಭಾಗವನ್ನು ಮೊದಲ ಐದಾರು ಮೀಟರುಗಳೇ ಹೀರಿಬಿಡುತ್ತವೆ. ನೀಲಿ ಮಾತ್ರ ಬಹಳ ಆಳಕ್ಕೆ ಇಳಿಯಬಲ್ಲದು. ಹವಳದೊಳಗಿನ ಪಾಚಿಗಳ ವರ್ಣದ್ರವ್ಯಗಳು ಈ ನೀಲಿ ಬೆಳಕನ್ನು ಹಿಡಿಯುವುದಕ್ಕೆ ಹೊಂದಿಕೊಂಡಿವೆ. ಆದ್ದರಿಂದ ನೀಲಿಯ ಅಂಶ ಹೆಚ್ಚಾಗಿರುವ ಎಲ್‌ಇಡಿ ದೀಪಗಳು ತೊಟ್ಟಿಗೆ ತಕ್ಕವು. ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ಬೆಳಕು ಸಾಕು. ಇರುಳು ಇರುಳಾಗಿಯೇ ಇರಬೇಕು. ಹೆಚ್ಚು ಬೆಳಕಿದ್ದರೆ ಹೆಚ್ಚು ಆಹಾರ, ಹೆಚ್ಚು ಬೆಳವಣಿಗೆ ಎಂದು ಊಹಿಸುವುದು ಸಹಜ. ಆದರೆ ಮಿತಿಮೀರಿದ ಬೆಳಕಿನಲ್ಲಿ ಪಾಚಿಯೊಳಗೆ ಆಮ್ಲಜನಕದ ಉಗ್ರರೂಪಗಳು ಹುಟ್ಟಿ ಕೋಶಗಳನ್ನು ಹಾಳುಮಾಡುತ್ತವೆ. ಆಗ ಹವಳವು ತನ್ನ ಅನ್ನದಾತನಾದ ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳುತ್ತದೆ. ಹೊಸ ಹವಳವನ್ನು ಮೊದಲು ಮಂದವಾದ ಬೆಳಕಿನಲ್ಲಿರಿಸಿ, ಎರಡು ಮೂರು ವಾರಗಳಲ್ಲಿ ಕ್ರಮೇಣ ಬೆಳಕನ್ನು ಏರಿಸುವುದು ಕ್ಷೇಮ.

ಮೌನದ ಭಾಷೆ, ಮೌನದ ಯುದ್ಧ

ಹವಳ ಕೂಗುವುದಿಲ್ಲ, ನರಳುವುದಿಲ್ಲ. ಅದರ ಸುಖದುಃಖಗಳನ್ನು ನಾವು ಕಣ್ಣಿನಿಂದಲೇ ಓದಬೇಕು. ಪಾಲಿಪ್‌ಗಳು ಅರಳಿದ್ದರೆ ಕ್ಷೇಮ. ಸಾರ್ಕೋಫೈಟನ್ ಕೆಲವು ವೇಳೆ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು, ಮೇಣ ಸವರಿದಂತೆ ಹೊಳೆಯುತ್ತ, ದಿನಗಟ್ಟಲೆ ಹಾಗೆಯೇ ಇರುತ್ತದೆ. ಅದು ಸತ್ತಿತೆಂದು ಎಸೆಯಬಾರದು. ಮೈಮೇಲೆ ಕುಳಿತ ಪಾಚಿಯನ್ನೂ ಕೊಳೆಯನ್ನೂ ಕಳಚಲು ಅದು ಹೊರಪೊರೆಯನ್ನು ಬಿಡುತ್ತಿರುವುದು. ನೀರಿನ ಚಲನೆ ಚೆನ್ನಾಗಿದ್ದರೆ ಪೊರೆ ತಾನೇ ಕಳಚಿಹೋಗುತ್ತದೆ. ಆದರೆ ಮೈ ಕರಗಿ, ದುರ್ವಾಸನೆ ಬಂದರೆ ಆ ಭಾಗವನ್ನು ಕೂಡಲೆ ತೆಗೆಯಬೇಕು.

ಕಲ್ಲಿನ ಕವಚವಿಲ್ಲದ ಈ ಪ್ರಾಣಿಗಳಿಗೆ ರಕ್ಷಣೆಯೆಂದರೆ ರಸಾಯನಗಳು. ಸಾರ್ಕೋಫೈಟನ್ನೂ ಸಿನುಲೇರಿಯವೂ ಟರ್ಪೀನ್ ಜಾತಿಯ ವಿಷವಸ್ತುಗಳನ್ನು ನೀರಿಗೆ ಬಿಟ್ಟು ನೆರೆಯ ಹವಳಗಳ ಬೆಳವಣಿಗೆಯನ್ನು ತಡೆಯಬಲ್ಲವು. ಕಡಲಿನಲ್ಲಿ ಈ ವಿಷ ಕೊಚ್ಚಿಹೋಗುತ್ತದೆ, ತೊಟ್ಟಿಯಲ್ಲಿ ಸಂಗ್ರಹವಾಗುತ್ತದೆ. ಹವಳಗಳ ನಡುವೆ ಅಂತರವಿಡುವುದು, ಪಟುಗೊಳಿಸಿದ ಇದ್ದಿಲಿನ ಮೂಲಕ ನೀರನ್ನು ಹಾಯಿಸುವುದು, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಾಯಿಸುವುದು, ಇವು ಪರಿಹಾರಗಳು. ಮನುಷ್ಯನಿಗೂ ಇಲ್ಲಿ ಎಚ್ಚರಿಕೆ ಅಗತ್ಯ. ಮೃದು ಹವಳಗಳೊಡನೆ ಮಾರುವ ಜೊಆಂತಿಡ್ ಎಂಬ ಬೇರೊಂದು ಬಗೆಯ ಜೀವಿಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಅತ್ಯುಗ್ರ ವಿಷವನ್ನು ಹೊಂದಿವೆ. ಕೈಗವಸೂ ಕನ್ನಡಕವೂ ಇಲ್ಲದೆ ಅವುಗಳನ್ನು ಮುಟ್ಟಬಾರದು. ಅವು ಅಂಟಿರುವ ಕಲ್ಲನ್ನು ಎಂದಿಗೂ ಕುದಿಸಬಾರದು, ಏಕೆಂದರೆ ಆವಿಯೊಡನೆ ವಿಷವೂ ಉಸಿರಿನೊಳಕ್ಕೆ ಸೇರಬಹುದು.

ಒಂದು ಡಿಗ್ರಿಯ ಬೆಲೆ

ಮೃದು ಹವಳದ ತುಂಡೊಂದನ್ನು ಕತ್ತರಿಸಿ ಕಲ್ಲಿಗೆ ಕಟ್ಟಿದರೆ ಅದು ಗಾಯ ಮಾಯಿಸಿಕೊಂಡು ಹೊಸ ಸಮೂಹವಾಗಿ ಬೆಳೆಯುತ್ತದೆ. ಆದ್ದರಿಂದ ಹವ್ಯಾಸಿಗಳು ಕಡಲಿಗೆ ಕೈಹಾಕಬೇಕಾದ ಅವಶ್ಯಕತೆಯೇ ಇಲ್ಲ. ತೊಟ್ಟಿಯಲ್ಲಿ ಬೆಳೆಸಿದ ತುಂಡುಗಳನ್ನು ಮಾತ್ರ, ಅವುಗಳ ಮೂಲವನ್ನು ವಿಚಾರಿಸಿ ಕೊಳ್ಳಬೇಕು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೂ, ಕರಿಹವಳ, ಕಡಲ ಬೀಸಣಿಗೆ ಮುಂತಾದುವಕ್ಕೂ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ದೊರೆಯಿತು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳನ್ನಾಗಲಿ, ಲಕ್ಷದ್ವೀಪದ ಹವಳಗಳನ್ನಾಗಲಿ ನೋಡಿ ಆನಂದಿಸಬೇಕೇ ಹೊರತು ಕಿತ್ತು ತರಬಾರದು.

ಆ ಲಕ್ಷದ್ವೀಪದ ಹವಳಗಳೇ ೧೯೯೮, ೨೦೧೦ ಮತ್ತು ೨೦೧೬ರಲ್ಲಿ ಕಾದ ಕಡಲಿನಿಂದಾಗಿ ಬಿಳಿಚಿಕೊಂಡವು. ೨೦೨೪ರ ಏಪ್ರಿಲಿನಲ್ಲಿ ವಿಜ್ಞಾನಿಗಳು, ಪ್ರಪಂಚದ ಹವಳಗಳು ನಾಲ್ಕನೆಯ ಸಲ ಜಾಗತಿಕವಾಗಿ ಬಿಳಿಚಿಕೊಳ್ಳುತ್ತಿವೆಯೆಂದು ಸಾರಿದರು. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರಗಳು ನಿಂತರೆ ಇಷ್ಟು ಅನಾಹುತಕ್ಕೆ ಸಾಕು. ತನ್ನ ಗಾತ್ರದಿಂದಲೇ ಸ್ಥಿರವಾಗಿದ್ದ ಕಡಲೂ ಈಗ ಕದಲತೊಡಗಿದೆ.

‘ಒಂದು ಡಿಗ್ರಿ ತಾನೆ?’ ಎಂದು ಪತ್ರಿಕೆಯನ್ನು ಮಡಿಸಿಡುವವರು ಬಹುಮಂದಿ. ನೂರು ಲೀಟರಿನ ತೊಟ್ಟಿಯ ಮುಂದೆ ದಿನವೂ ಕುಳಿತು ಉಷ್ಣತೆ, ಸಾಂದ್ರತೆಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ವಿದ್ಯಾರ್ಥಿ ಹಾಗೆ ಹೇಳಲಾರನು. ಅಂಕಿ ಒಂದಿಷ್ಟು ಮೇಲೇರಿದರೆ ಪಾಲಿಪ್‌ಗಳು ಮುದುಡುವುದನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಇಷ್ಟನ್ನು ಕಲಿತವನು ಹವ್ಯಾಸವನ್ನು ಮುಂದೆ ಕೈಬಿಟ್ಟರೂ ಅವನು ಪಟ್ಟ ಶ್ರಮ ಸಾರ್ಥಕವೇ ಸರಿ.