ಎಡಗಾಲಿನ ಕೆಲಸ ಕಲಿತ ಕಂಪ್ಯೂಟರ್

ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್) ಕಾರನ್ನು ಕೊಳ್ಳುವವರೂ ಮಾರುವವರೂ ಆಟೊಮ್ಯಾಟಿಕ್ ಎಂದೇ ಕರೆಯುತ್ತಾರೆ. ಗೇರ್ ಬಾಕ್ಸ್ ಬಿಚ್ಚಿ ನೋಡಿದರೆ ಒಳಗಿರುವುದು ಅಪ್ಪಟ ಮ್ಯಾನ್ಯುಯಲ್. ಅದೇ ಹಲ್ಲಿನ ಚಕ್ರಗಳು, ಅದೇ ಒಣ ಕ್ಲಚ್ ಪ್ಲೇಟ್. ಕ್ಲಚ್ ತುಳಿಯುವ ಕಾಲು, ಗೇರ್ ಹಾಕುವ ಕೈ ಮಾತ್ರ ಬದಲಾಗಿವೆ. ಇದೊಂದು ಮನಸ್ಸಿನಲ್ಲಿದ್ದರೆ ಈ ಕಾರಿನ ಎಲ್ಲ ವರ್ತನೆಗೂ ಅರ್ಥ ಸಿಗುತ್ತದೆ.

ಈ ತಂತ್ರ ಹೆಸರು ಮಾಡಿದ್ದು ರೇಸಿನಲ್ಲಿ. ಇಂಗ್ಲಿಷ್ ವಿನ್ಯಾಸಕಾರ ಜಾನ್ ಬರ್ನಾರ್ಡ್ ಫೆರಾರಿ 640 ಕಾರಿಗೆ ಸ್ಟೀರಿಂಗ್ ಹಿಂದಿನ ಸಣ್ಣ ಪಟ್ಟಿಗಳಿಂದಲೇ ಗೇರ್ ಬದಲಿಸುವ ಏರ್ಪಾಡು ಮಾಡಿದರು. ಅಭ್ಯಾಸದಲ್ಲಿ ಕಾರು ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತಿತ್ತು. ಆದರೂ 1989ರ ಮಾರ್ಚ್‌ನಲ್ಲಿ ಬ್ರೆಜಿಲ್ ಗ್ರ್ಯಾನ್ ಪ್ರಿಯನ್ನು ನೈಜೆಲ್ ಮ್ಯಾನ್ಸೆಲ್ ಅದರಲ್ಲೇ ಗೆದ್ದರು. ಸುಮಾರು 25 ವರ್ಷಗಳ ನಂತರ, 2014ರಲ್ಲಿ, ಮಾರುತಿ ಸುಜುಕಿಯ ಸೆಲೆರಿಯೊ ಅದೇ ವಿಚಾರವನ್ನು ನಮ್ಮ ಸಣ್ಣ ಕಾರಿಗೆ ತಂದಿತು. ಕಿಟ್ ಒದಗಿಸಿದ್ದು ಇಟಲಿಯ ಮ್ಯಾಗ್ನೆಟಿ ಮರೆಲ್ಲಿ. ಹೆಚ್ಚಾಗಿ ದುಬಾರಿ ಕಾರಿನವರಿಗೆ ಇದ್ದ ಸುಖ ಮಧ್ಯಮ ವರ್ಗದ ಕೈಗೆಟುಕಿದ್ದು ಸಣ್ಣ ಮಾತಲ್ಲ.

ಇಂಥ ಕಾರಿನ ಬಾಗಿಲು ತೆರೆದ ಕೂಡಲೇ ಬಾನೆಟ್ ಒಳಗಿಂದ ‘ಝುಂಯ್’ ಎಂಬ ಸದ್ದು ಕೇಳುವುದುಂಟು. ಎಂಜಿನ್ ಇನ್ನೂ ಆನ್ ಆಗಿರುವುದಿಲ್ಲ. ಅದು ವಿದ್ಯುತ್ ಪಂಪಿನ ಸದ್ದು. ಗೇರ್ ಬಾಕ್ಸ್ ಮೇಲೆ ಕೂತಿರುವ ಈ ಪಂಪು ಎಣ್ಣೆಯನ್ನು ಭಾರೀ ಒತ್ತಡದಲ್ಲಿ ಒಂದು ಗಟ್ಟಿ ಸಿಲಿಂಡರಿನಲ್ಲಿ ತುಂಬಿಡುತ್ತದೆ. ಅಲ್ಲಿಂದ ವಿದ್ಯುತ್ ಕವಾಟಗಳ ಮೂಲಕ ಎಣ್ಣೆ ಪಿಸ್ಟನ್‌ಗಳಿಗೆ ಹೋಗುತ್ತದೆ. ಅವು ಕ್ಲಚ್ ಬಿಡಿಸುತ್ತವೆ, ಯಾವ ಜೋಡಿ ಗೇರ್ ಬೇಕೆಂದು ಆಯುತ್ತವೆ, ಆಯ್ದ ಗೇರನ್ನು ತಳ್ಳಿ ಕೂರಿಸುತ್ತವೆ. ನಮ್ಮ ಕೈಯಲ್ಲಿರುವ ಲಿವರಿಗೂ ಗೇರ್ ಬಾಕ್ಸಿಗೂ ಸರಳು, ಕೇಬಲ್ ಯಾವುದೂ ಇಲ್ಲ. ಲಿವರ್ ಬರೀ ಸ್ವಿಚ್ಚು. ಅದು ಹೊತ್ತೊಯ್ಯುವುದು ನಮ್ಮ ಕೋರಿಕೆಯನ್ನು. ಓಡುವ ವೇಗದಲ್ಲಿ ಒಂದನೇ ಗೇರ್ ಕೇಳಿದರೆ ಗೇರ್ ಬಾಕ್ಸಿನ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್, ಕೊಡುವುದಿಲ್ಲ.

ಎರಡರಿಂದ ಮೂರಕ್ಕೆ ಹೋಗುವ ಗಳಿಗೆಯನ್ನು ನೋಡೋಣ. ಮೊದಲು ಈ ಯೂನಿಟ್ ಎಂಜಿನ್ನಿನ ಕಂಪ್ಯೂಟರಿಗೆ ಬಲ ತಗ್ಗಿಸಲು ಹೇಳುತ್ತದೆ. ನಾವು ಆಕ್ಸಲರೇಟರ್ ಒತ್ತಿಕೊಂಡೇ ಇದ್ದರೂ ಎಂಜಿನ್ ಉಸಿರು ಕಟ್ಟುತ್ತದೆ. ಕ್ಲಚ್ ಬಿಡುತ್ತದೆ, ಎರಡನೇ ಗೇರ್ ಕಳಚಿ ನ್ಯೂಟ್ರಲ್, ಮೂರರ ಸಿಂಕ್ರೊನೈಸರ್ ತನ್ನ ತಿಕ್ಕಾಟದಿಂದ ಎರಡು ಭಾಗಗಳ ವೇಗ ಸಮ ಮಾಡುತ್ತದೆ, ಆಮೇಲಷ್ಟೇ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಕಡೆಗೆ ಕ್ಲಚ್ ಮೆಲ್ಲಗೆ ಕೂಡುತ್ತದೆ.

ಕಷ್ಟವೆಲ್ಲ ಆ ‘ಮೆಲ್ಲಗೆ’ಯಲ್ಲಿದೆ. ಡ್ರೈವಿಂಗ್ ಸ್ಕೂಲಿನಲ್ಲಿ ಬೈಟಿಂಗ್ ಪಾಯಿಂಟ್ ಎನ್ನುವ, ಕ್ಲಚ್ ಕಚ್ಚತೊಡಗುವ ಜಾಗವನ್ನು ಕಾಲು ನಡುಕದಿಂದ, ಕಿವಿ ಎಂಜಿನ್ ದನಿಯಿಂದ ಹಿಡಿಯುತ್ತವೆ. ಯಂತ್ರಕ್ಕಿರುವುದು ಕ್ಲಚ್ ಎಲ್ಲಿದೆ, ಎಂಜಿನ್ ಎಷ್ಟು ತಿರುಗುತ್ತಿದೆ, ಗೇರ್ ಬಾಕ್ಸಿನ ಶಾಫ್ಟು ಎಷ್ಟು ತಿರುಗುತ್ತಿದೆ ಎಂದು ಹೇಳುವ ಸೆನ್ಸರ್‌ಗಳು. ಕ್ಲಚ್ ಪ್ಲೇಟ್ ಸವೆದಂತೆ ಕಚ್ಚುವ ಜಾಗವೂ ಸರಿಯುತ್ತದೆ, ಆದ್ದರಿಂದ ಅದನ್ನು ಕಂಪ್ಯೂಟರ್ ಮತ್ತೆ ಮತ್ತೆ ಕಲಿಯುತ್ತಿರಬೇಕು. ಹೊಸ ಕ್ಲಚ್ ಹಾಕಿದ ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸಿ ಅದಕ್ಕೆ ಹೊಸ ಅಳತೆ ಕಲಿಸದಿದ್ದರೆ ಕಾರು ಜರ್ಕ್ ಹೊಡೆಯುತ್ತದೆ.

ಗೇರ್ ಬದಲಾಗುವಾಗ ತಲೆ ಮುಂದಕ್ಕೆ ತೂಗಾಡುತ್ತದೆ ಎಂಬುದು ಎಎಂಟಿ ಮೇಲಿನ ದೊಡ್ಡ ದೂರು. ಇರುವುದು ಒಂದೇ ಕ್ಲಚ್. ಅದು ಬಿಟ್ಟಷ್ಟು ಹೊತ್ತು ಚಕ್ರಕ್ಕೆ ಬಲ ಸಿಗುವುದಿಲ್ಲ. ಮ್ಯಾನ್ಯುಯಲ್ ಕಾರಿನಲ್ಲೂ ಇದೇ ಆಗುತ್ತದೆ. ಆದರೆ ಅಲ್ಲಿ ನಮ್ಮ ಕಾಲೇ ಆಕ್ಸಲರೇಟರಿಂದ ಏಳುವುದರಿಂದ ಮೈ ಮೊದಲೇ ಸಿದ್ಧವಾಗಿರುತ್ತದೆ. ಇಲ್ಲಿ ಕಂಪ್ಯೂಟರ್ ನಮಗೆ ತಿಳಿಸದೆ ಬಲ ಕೀಳುತ್ತದೆ. ಬದಲಾಗುವ ಹೊತ್ತಿಗೆ ಆಕ್ಸಲರೇಟರ್ ಸ್ವಲ್ಪ ಸಡಿಲಿಸಿ ನೋಡಿ, ಅರ್ಧ ತೂಗಾಟ ಅಲ್ಲೇ ಮಾಯವಾಗುತ್ತದೆ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32 ಕಾರಿಗೆ ಹಾಕಿದ ಜೋಡಿ ಕ್ಲಚ್ಚಿನ ಪೆಟ್ಟಿಗೆಯಲ್ಲಿ ಒಂದು ಬಿಡುವಾಗಲೇ ಇನ್ನೊಂದು ಹಿಡಿಯುತ್ತದೆ. ತೂಗಾಟ ಇಲ್ಲ, ಬೆಲೆ ಮಾತ್ರ ಬೇರೆ.

ಚಾರ್ಮಾಡಿ ಘಾಟಿಯ ಏರಿನಲ್ಲಿ ಸಾಲು ನಿಂತಾಗ ಬ್ರೇಕ್ ಬಿಟ್ಟು ಆಕ್ಸಲರೇಟರ್ ಒತ್ತಿಯೇ ಕಾರನ್ನು ತಡೆದು ನಿಲ್ಲಿಸಬೇಡಿ ಎಂದು ನಾನು ಒತ್ತಿ ಹೇಳುವುದು ಒಳಗಿರುವುದು ಮ್ಯಾನ್ಯುಯಲ್‌ನ ಒಣ ಕ್ಲಚ್ ಎಂಬುದಕ್ಕೇ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಆ ಜಾರಾಟವನ್ನು ಎಣ್ಣೆ ತಾಳಿಕೊಳ್ಳುತ್ತದೆ. ಇಲ್ಲಿ ಅದು ನಿರಂತರ ಹಾಫ್ ಕ್ಲಚ್. ಪ್ಲೇಟ್ ಕಾದು ಸುಟ್ಟ ವಾಸನೆ ಬರುತ್ತದೆ. ನಿಂತರೆ ಬ್ರೇಕ್, ಹೊರಡುವಾಗ ಹ್ಯಾಂಡ್ ಬ್ರೇಕ್ ನೆರವು ಪಡೆದು ಆಕ್ಸಲರೇಟರ್.

ಬಹುತೇಕ ಎಎಂಟಿ ಲಿವರಿನಲ್ಲಿ ‘ಪಿ’ (ಪಾರ್ಕ್) ಇಲ್ಲದ್ದಕ್ಕೂ ಒಳಗಿರುವುದು ಮ್ಯಾನ್ಯುಯಲ್ ಗೇರ್ ಬಾಕ್ಸ್ ಎಂಬುದೇ ಕಾರಣ. ಆಟೊಮ್ಯಾಟಿಕ್ ಗೇರ್ ಬಾಕ್ಸಿನೊಳಗೆ ಶಾಫ್ಟನ್ನು ಕಚ್ಚಿ ಹಿಡಿಯುವ ಕೊಂಡಿಯೊಂದಿರುತ್ತದೆ, ಮ್ಯಾನ್ಯುಯಲ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟೇ ಎಂಜಿನ್ ಆಫ್ ಮಾಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಗೇರ್ ತೋರಿಸುತ್ತಿದೆಯೇ ಎಂದು ನೋಡಿಯೇ ಕೀ ತಿರುಗಿಸಿ.